ಸೀಸೆಯ ಗಸಿಯೂ ಅಬಕಾರಿ ಕಾಯ್ದೆಯೂ

ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ತೋಟದ ಮರೆಯಲ್ಲಿ ಭಟ್ಟಿ ಇಳಿಸಿ ಮಾರುವವನೂ ತನ್ನ ಅಡುಗೆಮನೆಯ ಮೂಲೆಯಲ್ಲಿ ಒಂದು ಬಕೆಟ್ ಬಿಯರ್ ಹುದುಗಲಿಟ್ಟವನೂ ಈ ನಿಷೇಧಕ್ಕೆ ಒಂದೇ. ಇಬ್ಬರ ನಡುವಿನ ಅಂತರವನ್ನು ಕಾನೂನು ಗುರುತಿಸಬೇಕೆಂಬುದು ನನ್ನ ವಾದ.

ಅಮೆರಿಕದಲ್ಲಿರುವ ನನ್ನ ಸೋದರಳಿಯ ಕಳೆದ ವರ್ಷ ತನ್ನ ಮೊದಲ ಹುಳಿ ಬಿಯರ್ ಮಾಡಿದ. ಬೆಲ್ಜಿಯಂನ ಕೆಲವು ಬಿಯರುಗಳನ್ನು ಪಾಶ್ಚರೀಕರಿಸದೆ ಸೀಸೆಗೆ ತುಂಬುತ್ತಾರೆ. ಸೀಸೆಯೊಳಗೇ ಅವು ಇನ್ನೊಮ್ಮೆ ಹುದುಗುತ್ತವೆ. ತಳದಲ್ಲಿ ನಿಲ್ಲುವ ಗಸಿಯಲ್ಲಿ ಬ್ರೆಟನೊಮೈಸಿಸ್ ಎಂಬ ಯೀಸ್ಟ್, ಹುಳಿ ಕೊಡುವ ಬ್ಯಾಕ್ಟೀರಿಯಾ ಜೀವಂತವಾಗಿರುತ್ತವೆ. ಮೇಲಿನ ಬಿಯರನ್ನು ಲೋಟಕ್ಕೆ ಬಗ್ಗಿಸಿ ಕುಡಿದು, ಉಳಿದ ಒಂದೆರಡು ಚಮಚ ಗಸಿಯನ್ನು ಕುಲುಕಿ, ಕುದಿಸಿ ಆರಿಸಿದ ಬಾರ್ಲಿ ಮಾಲ್ಟಿನ ಸಿಹಿ ರಸಕ್ಕೆ ಮಾಮೂಲಿ ಯೀಸ್ಟಿನ ಜೊತೆ ಸುರಿಯಬೇಕು. ಹಾಪ್ಸ್ ಹೂವು ಕಡಿಮೆಯಿರಬೇಕು. ಹೆಚ್ಚಾದರೆ ಬ್ಯಾಕ್ಟೀರಿಯಾ ಏಳುವುದಿಲ್ಲ. ಆಮೇಲೆ ತಿಂಗಳುಗಟ್ಟಲೆ ಕಾಯುವುದು. ನಮ್ಮ ಅಂಗಡಿಗಳ ಮಾಮೂಲಿ ಬಿಯರ್ ಶೋಧಿಸಿದ್ದು. ಅದರ ತಳದಲ್ಲಿ ಇಂಥ ಗಸಿಯೇ ಇರುವುದಿಲ್ಲ.

ಕೇಳಿ ನನಗೆ ಅಚ್ಚರಿಯಾಗಲಿಲ್ಲ. ಸೇವೆಯ ಕೆಲವು ವರ್ಷಗಳನ್ನು ನಾನು ಹುಣಸೂರು ಉಪವಿಭಾಗದಲ್ಲಿ ಕಳೆದವನು (ಊರಿನ ಹೆಸರಿನಲ್ಲೇ ಹುಳಿಯಿದೆ). ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಆಗ ಅಲ್ಲಿನ ನಾಲ್ಕು ತಾಲ್ಲೂಕುಗಳು. ಸರಗೂರು, ಸಾಲಿಗ್ರಾಮ ಬೇರೆಯಾದದ್ದು ಈಚೆಗೆ. ಈಚಲು ಮರಕ್ಕೆ ಕಟ್ಟುವ ಮಡಕೆಯನ್ನು ತಿಕ್ಕಿ ತೊಳೆದರೆ ಹೆಂಡ ಬೇಗ ಹುದುಗದು, ನಿನ್ನೆಯ ಗಸಿ ಇರಬೇಕು ಎಂದು ಹಿರಿಯರು ಹೇಳುತ್ತಿದ್ದರು. ನಿನ್ನೆಯ ಅಂಬಲಿಯನ್ನಷ್ಟು ಉಳಿಸಿ ಇಂದಿನದಕ್ಕೆ ಬೆರೆಸುವ, ಹಾಲಿಗೆ ಹೆಪ್ಪು ಹಾಕುವ ಗೃಹಿಣಿ ಮಾಡುವುದೂ ಇದನ್ನೇ.

ಊರಿಗೆ ಮರಳಿದ ಮೇಲೆ ರಾಗಿಯಿಂದ ಇದನ್ನು ಮಾಡಬಹುದೇ ಎಂದು ಅಳಿಯ ಕೇಳಿದ. ಮೊಳಕೆ ರಾಗಿಯಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳಿವೆ. ಸಿಕ್ಕಿಂನಲ್ಲಿ ರಾಗಿಯ ಪಾನೀಯ ಹಳೆಯ ರೂಢಿ. ಅಡ್ಡಿ ಕಾನೂನಿನದು ಮಾತ್ರ ಎಂದೆ. ಅಮೆರಿಕದಲ್ಲಿ 1978ರಲ್ಲಿ ಅಂಗೀಕಾರವಾದ ಕಾನೂನು, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳಲು ಬಿಟ್ಟಿದೆ. ಅಷ್ಟು ದೂರ ಹೋಗಬೇಕಿಲ್ಲ. ಬ್ರಿಟಿಷರ ಕಾಲದ ಬಂಗಾಳ, ಬಿಹಾರಗಳ ಅಬಕಾರಿ ನಿಯಮಗಳೇ ಕೆಲವು ಬುಡಕಟ್ಟುಗಳಿಗೆ 'ಪಚವಾಯ್' ಎಂಬ ಅಕ್ಕಿ ಪಾನೀಯವನ್ನು ಮನೆಬಳಕೆಗೆ ತಯಾರಿಸಲು ಅವಕಾಶ ನೀಡಿದ್ದವು.

ನಮ್ಮಲ್ಲಿನ ವೈರುಧ್ಯ ನೋಡಿ. ಈ ತಾಲ್ಲೂಕುಗಳು ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ತಂಬಾಕು ಮಂಡಳಿಯಲ್ಲಿ ನೋಂದಾಯಿಸಿಕೊಂಡ ರೈತ ಅದನ್ನು ಬೆಳೆದು, ಬ್ಯಾರನ್ನಿನಲ್ಲಿ ಹದಗೊಳಿಸಿ, ಹರಾಜಿಗೆ ಒಯ್ಯಬಹುದು. ಬಂಡವಾಳವುಳ್ಳವರು ಬೆಂಗಳೂರಿನಲ್ಲಿ ಕಿರು ಬ್ರೂವರಿ ತೆರೆದು ಶೋಧಿಸದ ಬಿಯರನ್ನು ಲೋಟಕ್ಕಿಷ್ಟೆಂದು ಮಾರಬಹುದು. ಅದೇ ರೈತ ತನ್ನ ಹೊಲದ ರಾಗಿಯಿಂದ ಐದು ಲೀಟರ್ ಹುದುಗಿಸಿ ಮನೆಯವರೊಡನೆ ಕುಡಿಯುವಂತಿಲ್ಲ.

ಆಕ್ಷೇಪಗಳು ಹಗುರವಾದವಲ್ಲ. ಸಾರಾಯಿ ಎಷ್ಟು ಸಂಸಾರಗಳನ್ನು ಮುರಿಯಿತೆಂದು ಕಣ್ಣಾರೆ ಕಂಡಿದ್ದೇನೆ. 2007ರ ಸಾರಾಯಿ ನಿಷೇಧವನ್ನು ಹೆಂಗಸರು ಸ್ವಾಗತಿಸಿದ್ದು ಸಹಜ. ಬಿಯರೂ ಅತಿಯಾದರೆ ಮನೆ ಹಾಳು. ಆದರೆ 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು, ನಿಷೇಧದ ಮರುವರ್ಷ ಕರ್ನಾಟಕ–ತಮಿಳುನಾಡು ಗಡಿಯಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡದ್ದು ಮೆಥನಾಲ್ ಬೆರೆಸಿ ಮಾರಿದ ಕಳ್ಳಮದ್ಯ. ಧಾನ್ಯ ಹುದುಗಿದಾಗ ಹುಟ್ಟುವ ಮೆಥನಾಲ್ ನಗಣ್ಯ. ಸಂವಿಧಾನದ 47ನೇ ವಿಧಿಯನ್ನು ಎತ್ತುವವರು, 2025-26ರ ಮುಂಗಡಪತ್ರದಲ್ಲಿ ಅಬಕಾರಿಗೆ 40,000 ಕೋಟಿ ರೂಪಾಯಿಯ ಗುರಿಯಿಟ್ಟ ಸರ್ಕಾರವನ್ನು ಮೊದಲು ಕೇಳಲಿ. ಮನೆಯ ಬಕೆಟ್ಟಿನಿಂದ ಆ ಗುರಿಗೆ ಆಗುವ ನಷ್ಟವನ್ನು ಲೆಕ್ಕ ಹಾಕಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ.

ಬೇಕಿರುವುದು ಕಾಯ್ದೆಯಲ್ಲಿ ಒಂದು ಸಣ್ಣ ವಿನಾಯಿತಿ. ಭಟ್ಟಿ ಇಳಿಸದೆ ಕೇವಲ ಹುದುಗಿಸಿದ ಪಾನೀಯ, ಒಂದು ಮನೆಗೆ ಏಕಕಾಲಕ್ಕೆ ಇಪ್ಪತ್ತು ಲೀಟರ್ ಮೀರದಂತೆ, ವಯಸ್ಕರ ಸ್ವಂತ ಬಳಕೆಗೆ ಮಾತ್ರ. ಒಂದು ಲೋಟಕ್ಕೆ ಹಣ ಪಡೆದರೂ ಈಗಿರುವ ಕಲಮುಗಳೇ ಅನ್ವಯಿಸಲಿ.