ಗಣಕಯಂತ್ರದ ಸುದ್ದಿಯೂ ಶ್ರಾವಕನ ಸಂದೇಹವೂ

ಕೆಲವು ತಿಂಗಳ ಹಿಂದೆ ಬಸದಿಯೊಂದರ ಟ್ರಸ್ಟಿನ ಸಭೆಯಲ್ಲಿ ಕುಳಿತಿದ್ದೆ. ಹಳೆಯ ಲೆಕ್ಕದ ಪುಸ್ತಕಗಳನ್ನೂ ದಾನಪತ್ರಗಳನ್ನೂ ಗಣಕಯಂತ್ರಕ್ಕೆ ಏರಿಸಿ, ಮೂಲ ಕಾಗದಗಳನ್ನು ವಿಲೇವಾರಿ ಮಾಡಬೇಕೆಂಬ ಠರಾವು ಮುಂದೆ ಬಂದಿತು. ಅದಕ್ಕೆ ಆಧಾರವಾಗಿ ಲಗತ್ತಿಸಿದ್ದುದು ಪತ್ರಿಕೆಯೊಂದರ ತಂತ್ರಜ್ಞಾನ ಪುಟದ ಒಂದು ತುಣುಕು ಮಾತ್ರ. ಹಿರಿಯರೊಬ್ಬರು ಎದ್ದು, "ಹತ್ತು ವರ್ಷದ ಮೇಲೆ ಈ ಡಿಸ್ಕು ಕೆಟ್ಟರೆ ಹೊಣೆ ಯಾರದು?" ಎಂದು ಕೇಳಿದರು. ಸದಸ್ಯರೊಬ್ಬರು ನಗುತ್ತಾ, "ಯಜಮಾನರೇ, ಸಮ್ಯಗ್ದರ್ಶನದ ಮೊದಲನೆಯ ಅಂಗವೇ ನಿಃಶಂಕಿತ. ನೀವು ಎಲ್ಲದಕ್ಕೂ ಶಂಕೆಪಟ್ಟರೆ ಹೇಗೆ?" ಎಂದರು. ಸಭೆ ನಕ್ಕಿತು. ಹಿರಿಯರು ಸುಮ್ಮನೆ ಕುಳಿತರು.

ಆ ನಗುವಿನ ಬಗೆಗೇ ನನ್ನ ತಕರಾರು. ನಿಃಶಂಕಿತ ಅಂಗವು ಜಿನೋಕ್ತ ತತ್ತ್ವದ ವಿಷಯದಲ್ಲಿ ಹೇಳಿದ್ದೇ ಹೊರತು ಕಂಪನಿಗಳ ಪ್ರಕಟಣೆಗಳ ವಿಷಯದಲ್ಲಿ ಅಲ್ಲ. ಅದೇ ಎಂಟು ಅಂಗಗಳಲ್ಲಿ ಅಮೂಢದೃಷ್ಟಿ ಎಂಬುದೂ ಒಂದಿದೆಯಲ್ಲವೇ? ಲೋಕವೆಲ್ಲ ಮಾಡುತ್ತಿದೆ ಎಂಬ ಒಂದೇ ಕಾರಣಕ್ಕೆ ತಾನೂ ಮಾಡುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಯ ಸಾಲಿಗೆ ಸೇರಿಸಿದ್ದಾರೆ. ಒಂದು ಅಂಗವನ್ನು ಹಿಡಿದು ಇನ್ನೊಂದನ್ನು ಮರೆಯುವುದು ಯಾವ ಶಾಸ್ತ್ರ?

ಸಂದೇಹಪಡುವವನು ವಿದ್ಯೆಯಿಲ್ಲದವನೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. 1994ರ ಸಂಗತಿಯನ್ನು ನೋಡಿ. ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಎಂಬವರು ಅವಳಿ ಅವಿಭಾಜ್ಯ ಸಂಖ್ಯೆಗಳ ಕುರಿತು ಲೆಕ್ಕ ಮಾಡುತ್ತಿದ್ದಾಗ ಉತ್ತರ ತಾಳೆಯಾಗಲಿಲ್ಲ. ಅವರು ಮೊದಲು ತಮ್ಮ ಲೆಕ್ಕವನ್ನೂ ಆಮೇಲೆ ತಮ್ಮ ಯಂತ್ರವನ್ನೂ ಶಂಕಿಸಿದರು. ಕೊನೆಗೆ ದೋಷ ಸಿಕ್ಕಿದ್ದು ಇಂಟೆಲ್ ಕಂಪನಿಯ ಪೆಂಟಿಯಂ ಚಿಪ್ಪಿನ ಭಾಗಾಕಾರದಲ್ಲಿಯೇ! ಸಾಮಾನ್ಯ ಬಳಕೆದಾರನಿಗೆ ಇಂತಹ ತಪ್ಪು 27,000 ವರ್ಷಕ್ಕೊಮ್ಮೆ ಎದುರಾದೀತೆಂದು ಕಂಪನಿ ಸಮಾಧಾನ ಹೇಳಿತು. ಐಬಿಎಂ ಕಂಪನಿಯಾದರೋ 24 ದಿನಕ್ಕೊಮ್ಮೆ ಎದುರಾಗಬಹುದೆಂದು ಲೆಕ್ಕ ಕೊಟ್ಟು, ಆ ಚಿಪ್ಪಿನ ಯಂತ್ರಗಳ ರವಾನೆಯನ್ನೇ ನಿಲ್ಲಿಸಿತು. ಐಬಿಎಂ ಕೂಡ ಪ್ರತಿಸ್ಪರ್ಧಿ ಚಿಪ್ಪಿನ ಪಾಲುದಾರ, ಅದರ ಲೆಕ್ಕವೂ ನಿಃಸ್ವಾರ್ಥವೆಂದು ನಾನು ಹೇಳಲಾರೆ. ಅಗತ್ಯವನ್ನು ರುಜುವಾತುಪಡಿಸಿದವರಿಗೆ ಮಾತ್ರ ಬದಲಿ ಚಿಪ್ಪು ಎಂದಿದ್ದ ಇಂಟೆಲ್, ಡಿಸೆಂಬರ್ ತಿಂಗಳಲ್ಲಿ ಕೇಳಿದವರಿಗೆಲ್ಲ ಕೊಡಲು ಒಪ್ಪಿತು. ಅದರ ಬಾಬ್ತು 47.5 ಕೋಟಿ ಡಾಲರನ್ನು ನಷ್ಟಕ್ಕೆ ಬರೆಯಬೇಕಾಯಿತು. ರೋಕಡಿ ಪುಸ್ತಕದಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಮಲಗದ ನಮ್ಮ ಹಿರಿಯರು ಆ ಪ್ರಾಧ್ಯಾಪಕರ ಜಾತಿಗೇ ಸೇರಿದವರು.

ನಮ್ಮ ನಾಡಿನ ನಿದರ್ಶನವೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರರೂ ಕೂಡಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕವನ್ನು ರೂಪಿಸಿ 2001ರಲ್ಲಿ ಪ್ರಕಟಿಸಿದರು. ಅಕ್ಷರ ಬಾರದ ಬಡವನಿಗೂ ಅವನ ಭಾಷೆಯಲ್ಲಿ ಓದಿ ಹೇಳುವುದು ಅದರ ಉದ್ದೇಶ. ಆ ವರ್ಷದ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೂ ಹೊಗಳಿ ಬರೆಯಿತು. ಇನ್ನೇನು ಹಳ್ಳಿಹಳ್ಳಿಗೆ ಬಂದೇಬಿಟ್ಟಿತೆಂಬಂತೆ ಇಲ್ಲಿಯ ಪತ್ರಿಕೆಗಳು ಸಂಭ್ರಮಿಸಿದವು. ಮಾರುಕಟ್ಟೆಗೆ ಬಂದುದು 2004ರಲ್ಲಿ. ಅಷ್ಟರಲ್ಲಿ ಮೊಬೈಲ್ ಫೋನುಗಳು ಅಗ್ಗವಾಗತೊಡಗಿದ್ದವು. ಐವತ್ತು ಸಾವಿರ ಮಾರುವ ಆಶೆಯಿತ್ತು, 2005ರ ಹೊತ್ತಿಗೆ ಮಾರಾಟವಾದದ್ದು ಸುಮಾರು 4,000. ಅದನ್ನು ರೂಪಿಸಿದ ವಿದ್ವಾಂಸರನ್ನು ನಾನು ದೂಷಿಸುವುದಿಲ್ಲ. ಅವರ ಉದ್ದೇಶ ಸತ್, ಯಂತ್ರವೂ ನಿಜವಾಗಿ ಕೆಲಸ ಮಾಡುತ್ತಿತ್ತು. ಆದರೆ "ಹತ್ತಿರ ಹತ್ತಿರ ಹತ್ತು ಸಾವಿರ ರೂಪಾಯಿಯ ವಸ್ತುವನ್ನು ಬಡ ರೈತ ಹೇಗೆ ಕೊಂಡಾನು?" ಎಂಬ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕಾಗಿದ್ದುದು ಸುದ್ದಿ ಬರೆದವರ ಕರ್ತವ್ಯವಾಗಿತ್ತು. 2016ರಲ್ಲಿ 251 ರೂಪಾಯಿಗೆ ಸ್ಮಾರ್ಟ್ ಫೋನ್ ಕೊಡುತ್ತೇವೆಂದಾಗ ಹಣ ಕಟ್ಟಲು ಮುಗಿಬಿದ್ದವರ ಕಥೆಯನ್ನು ಇಲ್ಲಿ ಬೆಳೆಸುವುದು ಬೇಡ.

ಇನ್ನು ಅಳತೆಯ ಮಾತು. ಹದಡಿಯ ರೈತನ ಮೆಕ್ಕೆಜೋಳವನ್ನು ದಾವಣಗೆರೆಯ ಪೇಟೆಯಲ್ಲಿ ತೂಗುವ ತಕ್ಕಡಿಗೆ ಸರಕಾರದ ಮುದ್ರೆ ಬೇಕು. ಒಂದು ಟೆರಾಬೈಟ್ ಎಂದು ಬರೆದ ಡಿಸ್ಕನ್ನು ವಿಂಡೋಸ್ ಗಣಕಕ್ಕೆ ಜೋಡಿಸಿದರೆ 931 ಗಿಗಾಬೈಟ್ ಎಂದು ತೋರುತ್ತದೆ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಯಂತ್ರವು 1,024ರ ಲೆಕ್ಕ ಹಿಡಿಯುತ್ತದೆ. ಕೊಡುವ ಸೇರು ಬೇರೆ, ಅಳೆಯುವ ಸೇರು ಬೇರೆ! ನ್ಯಾಯವಾಗಿ ಹೇಳಬೇಕೆಂದರೆ ತಯಾರಕರ ಲೆಕ್ಕ ಸುಳ್ಳಲ್ಲ, ದಶಮಾಂಶ ಪದ್ಧತಿಗೆ ಅದೇ ಸರಿ. ಆದರೂ ಗ್ರಾಹಕನಿಗೆ ಅದು ತಿಳಿಯುವಂತಿರಲಿಲ್ಲವೆಂದು ಅಮೆರಿಕದಲ್ಲಿ ದಾವೆ ಹೂಡಿದರು. 2007ರಲ್ಲಿ ಸೀಗೇಟ್ ಕಂಪನಿ ತಪ್ಪೊಪ್ಪದೆಯೇ ರಾಜಿಯಾಗಿ, ಬೆಲೆಯಲ್ಲಿ ಶೇಕಡಾ 5ರಷ್ಟನ್ನು ಮರಳಿಸಲು ಒಪ್ಪಿತು. ತತ್ತ್ವಾರ್ಥಸೂತ್ರವು ಅಚೌರ್ಯ ವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನು ಎಣಿಸಿರುವುದು ವ್ಯಾಪಾರಿಗಳಾದ ನಮಗೆ ಹೊಸದೇನಲ್ಲ. ಅಳತೆಯನ್ನು ಕೇಳುವ ಹಕ್ಕನ್ನು ಮಾತ್ರ ನಾವೇ ಏಕೆ ಬಿಟ್ಟುಕೊಡುತ್ತಿದ್ದೇವೆ?

ಎಲ್ಲ ಸಂದೇಹವೂ ವಿವೇಕವಲ್ಲ. ಗಣಕಯಂತ್ರ ಮುಟ್ಟಿದರೆ ಮಡಿ ಕೆಟ್ಟಿತೆಂಬಂತೆ ಆಡುವವರೂ ನಮ್ಮಲ್ಲಿದ್ದಾರೆ. ಅವರ ಮಾತಿನಲ್ಲಿ ಪರೀಕ್ಷೆ ಇಲ್ಲ, ಆಲಸ್ಯವಿದೆ. ಜೀರ್ಣವಾಗುತ್ತಿರುವ ಓಲೆಗರಿಯ ಛಾಯಾಪ್ರತಿ ತೆಗೆದಿಡುವುದು ಶ್ರುತಸೇವೆಯೇ ಸರಿ. ಆದರೆ ಪ್ರತಿಯಾದ ಮೇಲೆ ಮೂಲವನ್ನು ತ್ಯಜಿಸುವುದು ಬೇರೆ ಮಾತು. ಮೂಡುಬಿದಿರೆಯಲ್ಲಿ ಧವಲಾ ಗ್ರಂಥಗಳ ಓಲೆಗಳು ಶತಮಾನಗಳನ್ನು ದಾಟಿ ಉಳಿದವು. ಒಂದು ಕಾಲಕ್ಕೆ ಕಚೇರಿ ಕಚೇರಿಗಳಲ್ಲಿದ್ದ ಫ್ಲಾಪಿಯ ಮಾರಾಟವನ್ನು ಸೋನಿ ಕಂಪನಿ ಜಪಾನಿನಲ್ಲಿ 2011ರಲ್ಲಿಯೇ ನಿಲ್ಲಿಸಿತು. ಫ್ಲಾಪಿಯಲ್ಲಿ ಮಾತ್ರ ಲೆಕ್ಕ ಇಟ್ಟವರು ಇಂದು ಅದನ್ನು ಓದುವ ಯಂತ್ರಕ್ಕಾಗಿ ಗುಜರಿ ಅಂಗಡಿ ಹುಡುಕಬೇಕು.

ಆ ಠರಾವು ಮುಂದಿನ ಸಭೆಗೆ ಮತ್ತೆ ಬರಲಿದೆ. ಡಿಸ್ಕಿನ ಖಾತರಿ ಎಷ್ಟು ವರ್ಷ, ಎರಡನೆಯ ಪ್ರತಿ ಯಾವ ಊರಿನಲ್ಲಿ ಇರುತ್ತದೆ, ವರ್ಷಕ್ಕೊಮ್ಮೆ ತೆರೆದು ಪರೀಕ್ಷಿಸುವವರು ಯಾರು, ಮೂಲ ಕಾಗದಗಳನ್ನು ಸುಡಬೇಕಾದ ಅವಸರವೇನು ಎಂಬುದಕ್ಕೆ ಲಿಖಿತ ಉತ್ತರ ಬೇಕೆಂದು ಟ್ರಸ್ಟಿಗೆ ಪತ್ರ ಬರೆದಿದ್ದೇನೆ. ಮೊದಲ ರುಜು ಆ ಹಿರಿಯರದು.