ಲಾರಿಯ ಎಂಜಿನ್ ಇಳಿಸಿದಾಗಲೇ ತಂಪಿನ ಯಂತ್ರವನ್ನೂ ಕೂರಿಸಬೇಕು

ಮೂರೂವರೆ ಟನ್ನಿಗಿಂತ ಹೆಚ್ಚು ತೂಕದ ಸರಕು ವಾಹನಗಳಲ್ಲಿ ಚಾಲಕನ ಕ್ಯಾಬಿನ್ನಿಗೆ ಹವಾನಿಯಂತ್ರಣ ಇರತಕ್ಕದ್ದೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2023ರ ಡಿಸೆಂಬರಿನಲ್ಲಿ ಅಧಿಸೂಚನೆ ಹೊರಡಿಸಿ, 2025ರಲ್ಲಿ ಅದನ್ನು ಜಾರಿಗೆ ತಂದಿರುವುದು, ಬಹುಕಾಲ ಉಪೇಕ್ಷೆಗೆ ಒಳಗಾಗಿದ್ದ ಒಂದು ಶ್ರಮಜೀವಿ ವರ್ಗಕ್ಕೆ ತಡವಾಗಿಯಾದರೂ ಸಂದ ನ್ಯಾಯವೆಂದೇ ಎಣಿಸಬೇಕು. ಆದರೆ ಆ ನಿಯಮವು ಅನ್ವಯಿಸುವುದು ಅಲ್ಲಿಂದೀಚೆಗೆ ಕಾರ್ಖಾನೆಯಿಂದ ಹೊರಟ ವಾಹನಗಳಿಗೆ ಮಾತ್ರ. ಜೆ.ಪಿ. ನಗರದ ಎಂಟನೆಯ, ಒಂಬತ್ತನೆಯ ಹಂತಗಳಲ್ಲಿ ಏಳುತ್ತಿರುವ ಮನೆಗಳಿಗೆ ಜಲ್ಲಿಯನ್ನೂ ಎಂ-ಸ್ಯಾಂಡನ್ನೂ ಸುರಿದು ಹೋಗುವ ಟಿಪ್ಪರುಗಳು, ಬನಶಂಕರಿಯ ಹೊರವಲಯದ ನೈಸ್ ರಸ್ತೆಯಲ್ಲಿ ಸಾಲುಗಟ್ಟಿ ಸಾಗುವ ಹಳೆಯ ಲಾರಿಗಳು, ಇವುಗಳಲ್ಲಿ ಎಷ್ಟೋ ವಾಹನಗಳು ಮೊದಲಿನ ಎಂಜಿನ್ ಸವೆದು, ಮತ್ತೊಂದನ್ನು ಕೂರಿಸಿಕೊಂಡು, ಇನ್ನೂ ಹಲವು ವರ್ಷ ದುಡಿಯತಕ್ಕವು. ಅವುಗಳ ಚಾಲಕರಿಗೆ ಈ ನಿಯಮದಿಂದ ಯಾವ ಪ್ರಯೋಜನವೂ ಇಲ್ಲ. ಎಂಜಿನ್ ಬದಲಾಯಿಸುವ ಆ ಸಂದರ್ಭದಲ್ಲಿಯೇ ಹವಾನಿಯಂತ್ರಣದ ಕಂಪ್ರೆಸರನ್ನೂ ಅಳವಡಿಸುವುದು ಮಾಲೀಕರ ರೂಢಿಯಾಗಬೇಕು, ಸರ್ಕಾರವು ಅದಕ್ಕೆ ಒತ್ತಾಸೆಯಾಗಿ ನಿಲ್ಲಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಮುದ್ರಮಟ್ಟಕ್ಕಿಂತ ಒಂಬೈನೂರು ಮೀಟರಿಗೂ ಮಿಕ್ಕ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಲಾರಿಗೆ ತಂಪೇಕೆ ಎಂದು ಕೇಳುವವರುಂಟು. ಈ ಊರಿನಲ್ಲಿಯೂ 2016ರ ಏಪ್ರಿಲ್ 24ರಂದು ಉಷ್ಣತೆ 39.2 ಡಿಗ್ರಿಗೆ ಏರಿತ್ತು. ಇಲ್ಲಿಂದ ಹೊರಟ ಲಾರಿ ಮರುದಿನ ರಾಯಚೂರಿನ ಅಥವಾ ಕಲಬುರಗಿಯ ಬಿಸಿಲಿನಲ್ಲಿ ನಿಂತಿರುತ್ತದೆ. ಅದಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ನಮ್ಮ ಲಾರಿಗಳಲ್ಲಿ ಎಂಜಿನ್ ಇರುವುದು ಬಹುಮಟ್ಟಿಗೆ ಕ್ಯಾಬಿನ್ನಿನ ಅಡಿಯಲ್ಲಿಯೇ. ಚಾಲಕನಿಗೂ ಕ್ಲೀನರಿಗೂ ನಡುವೆ ಉಬ್ಬಿ ನಿಂತಿರುವ ಬಾನೆಟ್ಟಿನಿಂದ ಹೊರಡುವ ಕಾವು, ಹೊರಗೆ ಮಳೆ ಸುರಿಯುತ್ತಿದ್ದರೂ ಕಡಮೆಯಾಗದು. ಆ ಕಾವನ್ನು ತಾಳಲಾರದೆ ಕಿಟಕಿ ತೆರೆದರೆ ಜಲ್ಲಿಯ ದೂಳು, ಮುಂದಿನ ವಾಹನದ ಹೊಗೆ, ಎಡೆಬಿಡದ ಸದ್ದು ಒಟ್ಟಾಗಿ ಒಳನುಗ್ಗುತ್ತವೆ. ಹವಾನಿಯಂತ್ರಣದ ದೊಡ್ಡ ಉಪಕಾರವಿರುವುದು ಇಲ್ಲಿಯೇ: ಅದಿದ್ದರೆ ಚಾಲಕನು ಕಿಟಕಿಯನ್ನು ಮುಚ್ಚಿಕೊಳ್ಳಬಹುದು. ಕ್ರಷರುಗಳ ಸುತ್ತಮುತ್ತ ದಿನವೆಲ್ಲ ಸುಳಿದಾಡುವ ಟಿಪ್ಪರಿನವನ ಶ್ವಾಸಕೋಶಕ್ಕೆ ಒಂದು ಮುಚ್ಚಿದ ಗಾಜು ಏನು ಮಾಡಬಲ್ಲುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎಂಜಿನ್ ಇಳಿಸಿದ ಸಮಯವೇ ಏಕೆ ಪ್ರಶಸ್ತವೆಂಬುದು ಕೆಲಸದ ಸ್ವರೂಪವನ್ನು ಬಲ್ಲವರಿಗೆ ಸ್ಪಷ್ಟ. ಕಂಪ್ರೆಸರು ತಿರುಗುವುದು ಎಂಜಿನ್ನಿನ ಮುಂಭಾಗದ ಕ್ರ್ಯಾಂಕ್ ಪುಲ್ಲಿಯಿಂದ ಬರುವ ಬೆಲ್ಟಿನ ಬಲದಿಂದ. ಎಂಜಿನ್ ಸ್ವಸ್ಥಾನದಲ್ಲಿರುವಾಗ ಆ ಪುಲ್ಲಿಗೆ ಬೆಲ್ಟಿನ ಇನ್ನೊಂದು ತೋಡು ಕೂಡಿಸಬೇಕಾದರೆ ರೇಡಿಯೇಟರು, ಫ್ಯಾನು, ಕೊಳವೆ ಎಲ್ಲವನ್ನೂ ಬಿಚ್ಚಬೇಕು; ಎಂಜಿನ್ ನೆಲದ ಮೇಲಿರುವಾಗಲಾದರೋ ಅವೆಲ್ಲ ಆಗಲೇ ಬಿಚ್ಚಿರುತ್ತವೆ, ಆ ಕೂಲಿಯನ್ನು ಎರಡನೆಯ ಬಾರಿ ತೆರಬೇಕಾಗಿಲ್ಲ. ಕಂಪ್ರೆಸರನ್ನು ಹೊರುವ ಬ್ರಾಕೆಟ್ಟು ಎಂಜಿನ್ ಬ್ಲಾಕಿಗೇ ಬೋಲ್ಟಾಗಿರತಕ್ಕದ್ದು, ಚಾಸಿಗೆ ಎಂದಿಗೂ ಕೂಡದು. ಏಕೆಂದರೆ ರಬ್ಬರಿನ ಮೌಂಟುಗಳ ಮೇಲೆ ಕುಳಿತ ಡೀಸೆಲ್ ಎಂಜಿನ್ ಸದಾ ಓಲಾಡುತ್ತಿರುವುದರಿಂದ, ಕಂಪ್ರೆಸರೂ ಅದರೊಡನೆಯೇ ಓಲಾಡದಿದ್ದರೆ ಬೆಲ್ಟು ಪುಲ್ಲಿಯಿಂದ ಜಾರುತ್ತದೆ ಇಲ್ಲವೆ ಹರಿಯುತ್ತದೆ. ಚಾಸಿಗೆ ಕಟ್ಟಿದ ಕಂಡೆನ್ಸರಿಗೆ ಹೋಗುವ ಕೊಳವೆಗಳು ಬಾಗುವ ಹೋಸುಗಳಾಗಿರುವುದೂ ಈ ಓಲಾಟವನ್ನು ನುಂಗಿಕೊಳ್ಳುವ ಸಲುವಾಗಿಯೇ. ಟಾಟಾದ 697 ಎಂಜಿನ್ನಿಗೆ ಮಾಡಿದ ಬ್ರಾಕೆಟ್ಟು ಕಮಿನ್ಸಿನ 5.9 ಲೀಟರಿನ ಎಂಜಿನ್ನಿಗೆ ಹೊಂದುವುದಿಲ್ಲ. ಆದಕಾರಣ ಹೊಸದಾಗಿ ಕೂರುವ ಎಂಜಿನ್ ಯಾವುದೆಂದು ನಿಶ್ಚಯವಾದ ಮೇಲೆಯೇ ಬ್ರಾಕೆಟ್ಟಿನ ಅಳತೆ ತೆಗೆಯಬೇಕು. ಆಂಗಲ್ ಕಬ್ಬಿಣದ ತುಂಡುಗಳನ್ನು ಅವಸರದಲ್ಲಿ ವೆಲ್ಡ್ ಮಾಡಿ ನಿಲ್ಲಿಸಿದ ಬ್ರಾಕೆಟ್ಟು ಡೀಸೆಲ್ಲಿನ ನಡುಕಕ್ಕೆ ಬಿರುಕುಬಿಟ್ಟು, ಮಾಲೀಕನಿಗೆ ಹವಾನಿಯಂತ್ರಣದ ಮೇಲೆಯೇ ನಂಬಿಕೆ ಹೋಗುವಂತೆ ಮಾಡುತ್ತದೆ.

ಇನ್ನೂ ಕೆಲವು ಸೂಕ್ಷ್ಮಗಳಿವೆ. ಕಾರಿನಿಂದ ಬಿಚ್ಚಿ ತಂದ ಕಂಪ್ರೆಸರಿನ ಮ್ಯಾಗ್ನೆಟಿಕ್ ಕ್ಲಚ್ಚು 12 ವೋಲ್ಟಿನದು, ನಮ್ಮ ದೊಡ್ಡ ಲಾರಿಗಳ ವಿದ್ಯುತ್ತು 24 ವೋಲ್ಟಿನದು. ಇದನ್ನು ಗಮನಿಸದೆ ತಂತಿ ಕೊಟ್ಟರೆ ಸುರುಳಿ ಸುಟ್ಟುಹೋಗುತ್ತದೆ. ಜೆ.ಸಿ. ರಸ್ತೆಯಲ್ಲಿಯೋ ಶಿವಾಜಿನಗರದ ಗುಜರಿಯಲ್ಲಿಯೋ ಅಗ್ಗಕ್ಕೆ ದೊರೆತ ಹಳೆಯ ಕಂಪ್ರೆಸರಿನ ಬಾಯಿಗಳು ತೆರೆದಿದ್ದರೆ ಅದನ್ನು ಕೊಳ್ಳದಿರುವುದೇ ಕ್ಷೇಮ: ಒಳಗಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ, ಆ ತೇವವು ಎಕ್ಸ್‌ಪ್ಯಾನ್ಷನ್ ವಾಲ್ವಿನಲ್ಲಿ ಹೆಪ್ಪುಗಟ್ಟಿ ಮಾರ್ಗವನ್ನು ಮುಚ್ಚುವುದಲ್ಲದೆ, ಆಮ್ಲವಾಗಿ ಲೋಹವನ್ನೂ ತಿನ್ನುತ್ತದೆ. ಆದ್ದರಿಂದಲೇ ಡ್ರೈಯರನ್ನು ಹೊಸದಾಗಿ ಹಾಕಿ, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿಯನ್ನೂ ತೇವವನ್ನೂ ಸಂಪೂರ್ಣವಾಗಿ ಸೆಳೆದ ನಂತರವೇ ಗ್ಯಾಸ್ ತುಂಬತಕ್ಕದ್ದು. ಸಾಮಾನ್ಯವಾಗಿ ಬಳಕೆಯಲ್ಲಿರುವ ಆರ್-134ಎ ಅನಿಲದ ಒಂದು ಕಿಲೋ ಹೊರಗೆ ಬಿಟ್ಟರೆ ಸುಮಾರು 1,430 ಕಿಲೋ ಇಂಗಾಲಾಮ್ಲ ಬಿಟ್ಟಷ್ಟು ವಾತಾವರಣ ಕಾವೇರುತ್ತದೆ. ಹಳೆಯ ಗ್ಯಾಸನ್ನು ಬೀದಿಗೆ ಊದಿಬಿಡುವ ಅಭ್ಯಾಸ ನಿಲ್ಲಲೇಬೇಕು.

ಖರ್ಚಿನ ಮಾತು ಬರುತ್ತದೆ, ಬರಬೇಕಾದುದೇ. ನೂರೈವತ್ತು ಅಶ್ವಶಕ್ತಿಯ ಎಂಜಿನ್ನಿನಿಂದ ಕಂಪ್ರೆಸರು ಬೇಡುವುದು ಹೆಚ್ಚೆಂದರೆ ನಾಲ್ಕೈದು ಅಶ್ವಶಕ್ತಿ, ಅದೂ ಕ್ಲಚ್ಚು ಹಿಡಿದಿರುವಾಗ ಮಾತ್ರ. ಹೊಸಕೋಟೆಯ ವೋಲ್ವೊ ಕಾರ್ಖಾನೆಯಲ್ಲಿ ಹವಾನಿಯಂತ್ರಿತ ಕ್ಯಾಬಿನ್ನಿನ ಲಾರಿಗಳು 1998ರಿಂದಲೇ ತಯಾರಾಗಿ, ಗಣಿಗಳಲ್ಲಿ ದುಡಿದು ಮಾಲೀಕರಿಗೆ ಲಾಭ ತಂದುಕೊಟ್ಟಿರುವುದನ್ನು ಈ ರಾಜ್ಯ ಕಣ್ಣಾರೆ ಕಂಡಿದೆ. ಡೈರಿ ಸರ್ಕಲ್ಲಿನ ಡೈರಿಗೆ ಬರುವ ಟ್ಯಾಂಕರುಗಳಲ್ಲಿ ಹಾಲು ಕೆಡದಂತೆ ಅದನ್ನು ನಾಲ್ಕು ಡಿಗ್ರಿಯ ಸುಮಾರಿಗೆ ತಣಿಸಿ, ಕಾವು ತಾಗದ ಹೊದಿಕೆಯೊಳಗೆ ಸಾಗಿಸುವ ವ್ಯವಸ್ಥೆಯನ್ನು ನಾವು ದಶಕಗಳಿಂದ ಕಾಪಾಡಿಕೊಂಡು ಬಂದಿದ್ದೇವೆ, ಅದು ಸರಿಯೇ. ಆ ಹಾಲನ್ನು ತರುವ ಮನುಷ್ಯನಿಗೂ ಅಂಥದೇ ಎಚ್ಚರಿಕೆ ಸಲ್ಲಬೇಡವೇ? ಒಂದು ಮಿತಿಯನ್ನು ಮಾತ್ರ ಒಪ್ಪಿಕೊಳ್ಳಬೇಕು: ಎಂಜಿನ್ ನಿಂತರೆ ಕಂಪ್ರೆಸರೂ ನಿಲ್ಲುವುದರಿಂದ, ನಗರ ಪ್ರವೇಶಕ್ಕೆ ಅವಕಾಶವಾಗುವವರೆಗೆ ರಸ್ತೆಯ ಬದಿಯಲ್ಲಿ ನಿದ್ರಿಸುವ ಚಾಲಕನಿಗೆ ಇದು ಒದಗದು. ಅದಕ್ಕೆ ಬೇಕಾದುದು ನೆರಳೂ ನೀರೂ ಇರುವ ಲಾರಿ ತಂಗುದಾಣ.

ಕುಶಲಕರ್ಮಿಗಳ ಕೊರತೆ ನಿಜವಾದ ತೊಡಕು. 1951ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆಯು ಆಡುಗೋಡಿಯಲ್ಲಿ ಡೀಸೆಲ್ ಪಂಪುಗಳನ್ನು ತಯಾರಿಸಿದ ಕಾಲದಿಂದ, ಬಿ.ಟಿ.ಎಂ. ಬಡಾವಣೆಯ ಪಕ್ಕದಲ್ಲಿ ಮೈಕೋ ಲೇಔಟೆಂಬ ಹೆಸರೇ ನೆಲೆಗೊಳ್ಳುವಷ್ಟು ಮಟ್ಟಿಗೆ, ದಕ್ಷಿಣ ಬೆಂಗಳೂರಿನಲ್ಲಿ ಡೀಸೆಲ್ ವಿದ್ಯೆ ಬೇರೂರಿದೆ. ಆದರೆ ಐ.ಟಿ.ಐ.ಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಒಂದು ವೃತ್ತಿ, ಶೀತಕ ಯಂತ್ರಗಳ ತಂತ್ರಜ್ಞತೆ ಇನ್ನೊಂದು ವೃತ್ತಿ. ಒಂದನ್ನು ಕಲಿತವನಿಗೆ ಮತ್ತೊಂದರ ಪರಿಚಯ ಅಷ್ಟಕ್ಕಷ್ಟೆ. ಲಾರಿಯ ಕಂಪ್ರೆಸರು ಈ ಎರಡರ ನಡುವೆ ಬಿದ್ದು, ಎಂಜಿನ್ ಮೇಸ್ತ್ರಿ ಗ್ಯಾಸಿನವನತ್ತಲೂ ಗ್ಯಾಸಿನವನು ಮೇಸ್ತ್ರಿಯತ್ತಲೂ ಕೈತೋರಿಸುವಂತಾಗಿದೆ. ಎರಡನ್ನೂ ಕೂಡಿಸಿದ ಅಲ್ಪಾವಧಿಯ ಶಿಕ್ಷಣವನ್ನು, ಈಗಾಗಲೇ ಗ್ಯಾರೇಜುಗಳಲ್ಲಿ ದುಡಿಯುತ್ತಿರುವವರಿಗೆ ಸಂಜೆಯ ವೇಳೆಯಲ್ಲಿ, ಕನ್ನಡದಲ್ಲಿಯೇ ಕೊಡುವ ಏರ್ಪಾಡು ಆಗಬೇಕು.

ಉಳಿದುದು ಸಾರಿಗೆ ಇಲಾಖೆಯ ಪಾತ್ರ. ಎಂಜಿನ್ ಬದಲಾದಾಗ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದ ಮೇರೆಗೆ ಅನುಮತಿ ಪಡೆದು, ಆರ್.ಸಿ.ಯಲ್ಲಿ ಹೊಸ ಎಂಜಿನ್ ಸಂಖ್ಯೆಯನ್ನು ನಮೂದಿಸಿಕೊಳ್ಳಬೇಕಾದುದರಿಂದ, ವಾಹನವು ಜಯನಗರದಂಥ ಪ್ರಾದೇಶಿಕ ಸಾರಿಗೆ ಕಚೇರಿಯ ಗಮನಕ್ಕೆ ಹೇಗೂ ಬರತಕ್ಕದ್ದು. ಅದೇ ಸಂದರ್ಭದಲ್ಲಿ ಬ್ರಾಕೆಟ್ಟಿನ ಭದ್ರತೆ, ಹೋಸುಗಳ ಮಾರ್ಗ, ತಂತಿಗೆ ಫ್ಯೂಸಿರುವಿಕೆ ಇವನ್ನು ಪರೀಕ್ಷಿಸಿ ದಾಖಲಿಸುವ ಪದ್ಧತಿಯನ್ನು ರಾಜ್ಯ ಸರ್ಕಾರವು ತರಲಿ. ಎಂಟು ವರ್ಷ ದಾಟಿದ ವಾಹನಗಳು ಪ್ರತಿವರ್ಷವೂ ಎಫ್.ಸಿ.ಗೆ ಬರಲೇಬೇಕಾಗಿರುವುದರಿಂದ, ಹೀಗೆ ಅಳವಡಿಸಿಕೊಂಡ ಲಾರಿಗೆ ಅದರ ಶುಲ್ಕದಲ್ಲಿಯೋ ರಸ್ತೆ ತೆರಿಗೆಯಲ್ಲಿಯೋ ಒಂದು ವರ್ಷದ ರಿಯಾಯಿತಿ ಕೊಡಲಿ. ಒಂದೆರಡು ಲಾರಿಗಳನ್ನಷ್ಟೇ ಇಟ್ಟುಕೊಂಡು, ಎಂಜಿನ್ ಕೆಲಸಕ್ಕೆ ಸಾಲ ಮಾಡುವ ಸಣ್ಣ ಮಾಲೀಕನಿಗೆ ಸಹಕಾರಿ ಬ್ಯಾಂಕುಗಳು ಕಂಪ್ರೆಸರಿನ ವೆಚ್ಚವನ್ನೂ ಅದೇ ಸಾಲದಲ್ಲಿ ಸೇರಿಸಿ ಮಂಜೂರು ಮಾಡುವಂತಾದರೆ, ಮುಂದಿನ ಬೇಸಿಗೆಯ ಹೊತ್ತಿಗೇ ಈ ಕೆಲಸಕ್ಕೆ ಆರಂಭ ದೊರೆಯಬಹುದು.