ಟಿಲ್ಲರ್ ಸಾಲ ಮತ್ತು ತಂಗಿಯ ರೆಕಾರ್ಡ್ ಬುಕ್

ನನ್ನ ತಂಗಿ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದಾಳೆ. ಭದ್ರಾವತಿ ತಾಲ್ಲೂಕಿನ ನಮ್ಮೂರಿಂದ ಬೆಳಿಗ್ಗೆ ಬಸ್ ಹಿಡಿದು ಶಿವಮೊಗ್ಗಕ್ಕೆ ಹೋಗುತ್ತಾಳೆ, ಸಂಜೆ ಬಸ್ಸಿಗೆ ವಾಪಸ್. ಗಣಿತದ ಕಂಪ್ಯೂಟರ್ ಲ್ಯಾಬ್ ವಾರಕ್ಕೆ ಒಂದೇ ದಿನ, ಒಂದು ಕಂಪ್ಯೂಟರಿಗೆ ಮೂರು ಜನ. ಕರೆಂಟ್ ಹೋದರೆ ಆ ವಾರದ್ದೂ ಹೋಯಿತು. ಕಾಲೇಜಿನ ಹೆಸರು ಬೇಡ. ಓದುತ್ತಿರುವ ನಿಮ್ಮಲ್ಲಿ ಕೆಲವರಿಗೆ ಇದು ನಿಮ್ಮದೇ ಕಾಲೇಜು ಅನ್ನಿಸಬಹುದು.

ಮೊನ್ನೆ ಅಪ್ಪ ಹಳೇ ಪವರ್ ಟಿಲ್ಲರ್ ಒಂದಕ್ಕೆ ಸಾಲ ಮಾಡಲು ಹೊರಟರು. ಫೈನಾನ್ಸಿನ ಹುಡುಗ ಮನೆಗೇ ಬಂದ. ಒಂದು ಲಕ್ಷ ಸಾಲ, ಐದು ವರ್ಷ, ಬಡ್ಡಿ ಬರೀ 12 ಪರ್ಸೆಂಟ್, ತಿಂಗಳಿಗೆ ₹2,667 ಕಂತು. ಸೋಮವಾರ ಬಂದು ಸಹಿ ಹಾಕಿಸಿಕೊಳ್ಳುತ್ತೇನೆ ಎಂದು ಹೋದ. ಅಪ್ಪ ತಂಗಿಗೆ ಕೇಳಿದರು: "ಮೂರು ವರ್ಷದಿಂದ ಲೆಕ್ಕ ಓದ್ತಿದೀಯಲ್ಲ ಪುಟ್ಟಿ, ಇದು ಸರಿ ಇದೆಯಾ ನೋಡು."

ಅವಳಿಗೆ ಗೊತ್ತಾಗಲಿಲ್ಲ. ನನಗಂತೂ ಮೊದಲೇ ಗೊತ್ತಾಗುವುದಿಲ್ಲ, ನಾನು ಓದಿದ್ದು ಪತ್ರಿಕೋದ್ಯಮ.

ಅವಳ ರೆಕಾರ್ಡ್ ಬುಕ್ ತೆಗೆದು ನೋಡಿದೆ. ನ್ಯೂಟನ್-ರಾಫ್ಸನ್ ವಿಧಾನ ಅಂತ ಒಂದು ಪುಟ. ಎಕ್ಸ್ ಘನ ಮೈನಸ್ ಎರಡು ಎಕ್ಸ್ ಮೈನಸ್ ಐದು ಸೊನ್ನೆಗೆ ಸಮ, ಉತ್ತರ 2.0946. ಕೆಳಗೆ ಪೈಥಾನ್ ಪ್ರೋಗ್ರಾಂ, ಅದರ ಕೆಳಗೆ ಮೇಷ್ಟ್ರ ಸಹಿ. "ಇದು ಯಾತಕ್ಕೆ ಬರುತ್ತೆ?" ಅಂದೆ. "ಪರೀಕ್ಷೆಗೆ ಬರುತ್ತೆ ಅಕ್ಕ" ಅಂದಳು.

ಸಂಜೆ ಇಬ್ಬರೂ ನೆಟ್‌ವರ್ಕ್ ಸಿಗುವ ಕಟ್ಟೆ ಮೇಲೆ ಕೂತು ಫೋನಿನಲ್ಲಿ ಗೂಗಲ್ ಕೊಲ್ಯಾಬ್ ತೆರೆದೆವು. ಜಿಮೇಲ್ ಖಾತೆ ಇದ್ದರೆ ಸಾಕು, ದುಡ್ಡು ಬೇಡ. ಪೈಥಾನ್ ಅವರ ಕಂಪ್ಯೂಟರಿನಲ್ಲಿ ಓಡುತ್ತದೆ, ಉತ್ತರ ನಮ್ಮ ಫೋನಿಗೆ ಬರುತ್ತದೆ. ಅದೇ ರೆಕಾರ್ಡ್ ಬುಕ್ಕಿನ ಪ್ರೋಗ್ರಾಂ ಟೈಪ್ ಮಾಡಿ ಸಮೀಕರಣ ಮಾತ್ರ ಬದಲಾಯಿಸಿದೆವು. ತಿಂಗಳಿಗೆ ಎಷ್ಟು ಬಡ್ಡಿ ಹಾಕಿದರೆ 2,667ರ 60 ಕಂತು ಒಂದು ಲಕ್ಷಕ್ಕೆ ಸರಿಹೋಗುತ್ತದೆ? ಇದನ್ನು ನೇರವಾಗಿ ಬಿಡಿಸುವ ಸೂತ್ರ ಇಲ್ಲ. ಒಂದು ಊಹೆ ಹಾಕಿ, ತಪ್ಪು ನೋಡಿ, ಊಹೆ ತಿದ್ದುತ್ತಾ ಹೋಗಬೇಕು. ನ್ಯೂಟನ್-ರಾಫ್ಸನ್ ಮಾಡುವುದು ಅದನ್ನೇ. ತಿಂಗಳಿಗೆ 1 ಪರ್ಸೆಂಟ್ ಎಂದು ಶುರು ಮಾಡಿದೆವು. ನಾಲ್ಕು ಸುತ್ತಿಗೆ 1.69ರಲ್ಲಿ ನಿಂತಿತು. ವರ್ಷಕ್ಕೆ 20 ಪರ್ಸೆಂಟ್ ದಾಟಿತು.

ಗುಟ್ಟು ಇಷ್ಟೇ. ಅವನು ಹೇಳಿದ್ದು ಫ್ಲಾಟ್ ಬಡ್ಡಿ. ಅಸಲು ತಿಂಗಳು ತಿಂಗಳು ತೀರುತ್ತಾ ಬಂದರೂ ಕೊನೆಯ ವರ್ಷದವರೆಗೆ ಪೂರ್ತಿ ಒಂದು ಲಕ್ಷಕ್ಕೇ ಬಡ್ಡಿ ಹಾಕುತ್ತಾರೆ. ಉಳಿದ ಅಸಲಿಗೆ ಮಾತ್ರ 12 ಪರ್ಸೆಂಟ್ ಹಾಕಿದ್ದರೆ ಕಂತು ₹2,224 ಆಗುತ್ತಿತ್ತು. ಐದು ವರ್ಷಕ್ಕೆ ವ್ಯತ್ಯಾಸ ₹26,500ಕ್ಕೂ ಹೆಚ್ಚು. (ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಾಲದ ನಿಜವಾದ ವಾರ್ಷಿಕ ದರವನ್ನು ಬರೆದುಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಸಹಿ ಹಾಕುವ ಮೊದಲು ಆ ಹಾಳೆ ಕೇಳಿ ಪಡೆಯಿರಿ.)

ನನಗೆ ಸಿಟ್ಟು ಬಂದಿದ್ದು ಫೈನಾನ್ಸಿನ ಹುಡುಗನ ಮೇಲಲ್ಲ. ಇಷ್ಟು ಒಳ್ಳೆಯ ಸಾಧನ ಎರಡು ವರ್ಷದಿಂದ ತಂಗಿಯ ಬ್ಯಾಗಿನಲ್ಲೇ ಇತ್ತು, ಅದು ಸಾಧನ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಗಣಿತದ ಸಾಫ್ಟ್‌ವೇರ್ ಮಾತು ಬಂದಾಗಲೆಲ್ಲ ನಮ್ಮ ಕಡೆ ದುಡ್ಡಿನ ನೆಪ ಹೇಳುತ್ತಾರೆ. ಮ್ಯಾಟ್‌ಲ್ಯಾಬ್, ಮ್ಯಾಥಮೆಟಿಕಾ ದುಬಾರಿ, ನಿಜ. ವಿಶ್ವವಿದ್ಯಾಲಯ ಲೈಸೆನ್ಸ್ ಕೊಂಡರೂ ಓದು ಮುಗಿದ ಮೇಲೆ ವಿದ್ಯಾರ್ಥಿಗೆ ಅದು ಉಳಿಯುವುದಿಲ್ಲ. ಆದರೆ ಆಕ್ಟೇವ್, ಸೈಲ್ಯಾಬ್, ಮ್ಯಾಕ್ಸಿಮಾ, ಪೈಥಾನ್ ಎಲ್ಲಾ ಪುಕ್ಕಟೆ. ಆಕ್ಟೇವ್‌ನಲ್ಲಿ ಬರೆಯುವುದು ಬಹುಮಟ್ಟಿಗೆ ಮ್ಯಾಟ್‌ಲ್ಯಾಬ್ ಥರವೇ. 2021ರಲ್ಲಿ ಎನ್‌ಇಪಿ ಬಂದಾಗ ನಮ್ಮ ರಾಜ್ಯದ ಮಾದರಿ ಪಠ್ಯಕ್ರಮದಲ್ಲೇ ಗಣಿತದ ಪ್ರಾಕ್ಟಿಕಲ್‌ಗೆ ಮುಕ್ತ ತಂತ್ರಾಂಶ ಬಳಸಬಹುದು ಎಂದಿತ್ತು. 2024ರಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಪಠ್ಯಕ್ರಮ ಹೋಗುತ್ತೆ, ಬರುತ್ತೆ. ರೆಕಾರ್ಡ್ ಬುಕ್ ಮಾತ್ರ ಸೀನಿಯರ್‌ನಿಂದ ಜೂನಿಯರ್‌ಗೆ ನಕಲಾಗುತ್ತಲೇ ಇರುತ್ತದೆ.

ಇಂಗ್ಲಿಷ್ ಕಷ್ಟ ಅನ್ನುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಇದೆ. ಕನ್ನಡ ದನಿಯಲ್ಲೂ ಪಾಠಗಳಿವೆ, ಡೌನ್‌ಲೋಡ್ ಮಾಡಿಕೊಂಡು ನೋಡಬಹುದು. ಕನ್ನಡದಲ್ಲಿ ಲೆಕ್ಕ ಹೇಳಿಕೊಡುವುದು ಹೊಸದೇನಲ್ಲ. 12ನೇ ಶತಮಾನದಲ್ಲೇ ರಾಜಾದಿತ್ಯ 'ವ್ಯವಹಾರಗಣಿತ' ಅಂತ ಬರೆದ. ಹೆಸರಲ್ಲೇ ವ್ಯವಹಾರ ಇದೆ ನೋಡಿ.

ಮೇಷ್ಟ್ರುಗಳನ್ನು ಮಾತ್ರ ಬೈದರೆ ಅನ್ಯಾಯ. ತುಂಬಾ ಕಾಲೇಜುಗಳಲ್ಲಿ ಈ ಲ್ಯಾಬ್ ನಡೆಸುವವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಾವೇ ಇರುತ್ತೇವೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಬದಲಾಗಬೇಕಾದ್ದು ಪರೀಕ್ಷೆ, ಅದು ವಿಶ್ವವಿದ್ಯಾಲಯದ ಕೈಯಲ್ಲಿದೆ. ಶಿವಮೊಗ್ಗ, ಭದ್ರಾವತಿಯ ಪದವಿ ಕಾಲೇಜುಗಳಿಗೆ ಅದೆಂದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ನಮ್ಮ ತಾಲ್ಲೂಕಿನಲ್ಲೇ ಇದೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬಾಯಿಪಾಠದ ಸಮೀಕರಣ ಬೇಡ, ಹಿಂದೆ ನೋಡಿರದ ಒಂದು ಲೆಕ್ಕ ಕೊಡಲಿ: ಸಾಲದ ಕಂತು, ಭದ್ರಾ ಕಾಲುವೆಯ ನೀರು, ಅಡಿಕೆ ರೇಟಿನ ಏರಿಳಿತ, ಏನಾದರೂ ಸರಿ. ಪ್ರೋಗ್ರಾಂ ಪುಸ್ತಕ ನೋಡಿ ಬರೆದರೂ ಪರವಾಗಿಲ್ಲ. ಲ್ಯಾಬನ್ನು ಕೊನೇ ಬಸ್ಸಿನ ಹೊತ್ತಿನವರೆಗೆ ತೆರೆದಿಡಲಿ. ಫೋನಿನಲ್ಲಿ ಮಾಡಿದ ಕೆಲಸವನ್ನೂ ರೆಕಾರ್ಡಿಗೆ ಒಪ್ಪಿಕೊಳ್ಳಲಿ.

ಸೋಮವಾರ ಅಪ್ಪ ಸಹಿ ಹಾಕಲಿಲ್ಲ. ಸೊಸೈಟಿಯಲ್ಲಿ ಅರ್ಜಿ ಕೊಟ್ಟಿದ್ದಾರೆ, ಇನ್ನೂ ಮಂಜೂರಾಗಿಲ್ಲ, ಸದ್ಯಕ್ಕೆ ಪಕ್ಕದ ಮನೆಯವರ ಟಿಲ್ಲರೇ ಬಾಡಿಗೆಗೆ. ತಂಗಿಗೆ ಮುಂದಿನ ತಿಂಗಳು ಪ್ರಾಕ್ಟಿಕಲ್ ಪರೀಕ್ಷೆ. ಸಾಲದ ಲೆಕ್ಕವನ್ನೂ ರೆಕಾರ್ಡಿನಲ್ಲಿ ಬರಿ ಅಂದೆ. "ಅದಕ್ಕೆ ಮಾರ್ಕ್ಸ್ ಇಲ್ಲ ಅಕ್ಕ" ಅಂದಳು. ಈಗ ಪಡಸಾಲೆಯಲ್ಲಿ ಕೂತು ಎಕ್ಸ್ ಘನ ಮೈನಸ್ ಎರಡು ಎಕ್ಸ್ ಬಾಯಿಪಾಠ ಮಾಡುತ್ತಿದ್ದಾಳೆ.